ಸೋಲ್ಡರಿಂಗ್ ಸ್ಟೇಷನ್, ಹಾಟ್ ಏರ್ ತಗೊಳ್ಳೋ ಮುಂಚೆ ಪದೇ ಪದೇ ಕೇಳೋ ಪ್ರಶ್ನೆಗಳು

ನನ್ನ ಹತ್ರ ನೇರ ಪ್ಲಗ್ಗಿಗೆ ಹಾಕೋ 25 ವ್ಯಾಟ್ ಸೋಲ್ಡರಿಂಗ್ ಐರನ್ ಇದೆ, ಸ್ಟೇಷನ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಎರಡು ವೈರ್ ಕೂಡಿಸೋಕೆ, ಪರ್ಫ್ ಬೋರ್ಡ್ ಮೇಲೆ ನಾಲ್ಕು ರೆಸಿಸ್ಟರ್ ಕೂರಿಸೋಕೆ ಅದು ಧಾರಾಳ ಆಯ್ತು. ತೊಂದರೆ ಏನಪ್ಪಾ ಅಂದ್ರೆ ಆ ಐರನ್‌ಗೆ ತಾನು ಎಷ್ಟು ಕಾದಿದೀನಿ ಅನ್ನೋದೇ ಗೊತ್ತಿರಲ್ಲ, ಸ್ಟ್ಯಾಂಡಲ್ಲಿ ಸುಮ್ನೆ ಕೂತಿದ್ರೂ ಕಾಯ್ತಾನೇ ಇರತ್ತೆ, ಬಿಟ್ (ಐರನ್ನಿನ ತುದಿಗೆ ಹಾಕೋ ತುಂಡು) ಕಪ್ಪಾಗತ್ತೆ, ಆಮೇಲೆ ಗ್ರೌಂಡ್ ಪ್ಲೇನ್‌ಗೆ (ಬೋರ್ಡಿನ ಅಗಲವಾದ ತಾಮ್ರದ ಹಾಳೆಗೆ) ಸೇರಿರೋ ಒಂದು ಪಿನ್‌ಗೆ ಇಟ್ರೆ ತಕ್ಷಣ ತಣ್ಣಗಾಗಿ ಲೆಡ್ (ಅಂದ್ರೆ ಸೋಲ್ಡರ್) ಅಲ್ಲೇ ಮುದ್ದೆ ಆಗಿ ನಿಂತುಬಿಡತ್ತೆ. ಅಂದ್ರೆ ಬೇಡದಾಗ ಜಾಸ್ತಿ ಬಿಸಿ, ಬೇಕಾದಾಗ ಕಮ್ಮಿ. ಸ್ಟೇಷನ್ ಸರಿ ಮಾಡೋದು ಇದೊಂದನ್ನೇ. ಸೆನ್ಸರ್ ನೋಡ್ಕೊಂಡು ಹೀಟರ್‌ಗೆ ಕರೆಂಟ್ ಕೊಡತ್ತೆ, ಸಾಕಾದಾಗ ನಿಲ್ಲಿಸತ್ತೆ. ತಿಂಗಳಿಗೆ ಒಂದೆರಡು ಸಲನಾದ್ರೂ ಬೋರ್ಡ್ ಮುಂದೆ ಕೂರ್ತೀರಾ ಅಂದ್ರೆ ತಗೊಳ್ಳಿ, ಇಲ್ಲಾಂದ್ರೆ ಇರೋದ್ರಲ್ಲೇ ಒಂದು ಒಳ್ಳೆ ಚಿಸೆಲ್ ಬಿಟ್ ಹಾಕಿ ನಡೆಸಿ.

ಎಷ್ಟು ವ್ಯಾಟಿನದು ತಗೋಬೇಕು? 60 ಸಾಕಾ, 90 ಬೇಕಾ?

ಎಲ್ಲರೂ ಮೊದಲು ಕೇಳೋದು ಇದನ್ನೇ, ಆದ್ರೆ ಇದು ಎರಡನೇ ಪ್ರಶ್ನೆ ಆಗ್ಬೇಕಿತ್ತು. ಮೊದಲನೇದು, ಹೀಟರಿಂದ ಬಿಟ್ಟಿನ ತುದಿಗೆ ಬಿಸಿ ಎಷ್ಟು ಬೇಗ ಬರತ್ತೆ ಅನ್ನೋದು.

ಹಕ್ಕೋ ಕಂಪನಿಯ ಹಳೇ 936 ಸ್ಟೇಷನ್ ಥರದ್ದು ನೋಡಿ (ಅದರ ನಕಲುಗಳು ಈಗ್ಲೂ ಎಲ್ಲಾ ಕಡೆ ಸಿಗ್ತವೆ). ಅದರೊಳಗೆ ಒಂದು ಸೆರಾಮಿಕ್ ಹೀಟರ್ ಕಡ್ಡಿ ಇರತ್ತೆ, ಬಿಟ್ಟು ಅದರ ಮೇಲೆ ಟೋಪಿ ಥರ ಕೂರತ್ತೆ, ಮಧ್ಯೆ ಸ್ವಲ್ಪ ಗಾಳಿ ಸಂದು. ಸೆನ್ಸರ್ ಇರೋದು ಹೀಟರ್ ಕಡ್ಡಿ ಒಳಗೆ. ಹಂಗಾಗಿ ಡಿಸ್‌ಪ್ಲೇ 350 ಡಿಗ್ರಿ ಸೆಲ್ಸಿಯಸ್ ಅಂತ ತೋರಿಸಿದ್ರೆ ಅದು ಹೀಟರಿನ ಕಥೆ, ತುದಿ ಆಗ್ಲೇ 300ಕ್ಕೆ ಇಳಿದು ಕೂತಿರಬಹುದು, ಸ್ಟೇಷನ್‌ಗೆ ಅದು ತಡವಾಗಿ ಗೊತ್ತಾಗತ್ತೆ.

ಹಕ್ಕೋದೇ ಇನ್ನೊಂದು ಥರದ ಟಿ12 ಬಿಟ್ಟಲ್ಲಿ ಹೀಟರ್, ಥರ್ಮೋಕಪಲ್ (ಬಿಸಿ ಅಳೆಯೋ ಸೆನ್ಸರ್), ತುದಿ ಮೂರೂ ಸೇರಿ ಒಂದೇ ಕಾರ್ಟ್ರಿಜ್. ಸೆನ್ಸರ್ ತುದಿಗೆ ಹತ್ರ ಇರೋದ್ರಿಂದ ಪ್ಯಾಡಿಗೆ (ಬೋರ್ಡ್ ಮೇಲೆ ಪಾರ್ಟಿನ ಕಾಲು ಕೂರೋ ತಾಮ್ರದ ಜಾಗಕ್ಕೆ) ಮುಟ್ಟಿಸಿದ ಕೂಡ್ಲೇ ಅದಕ್ಕೆ ಚಳಿ ಗೊತ್ತಾಗತ್ತೆ, ಕೂಡ್ಲೇ ಪವರ್ ತಳ್ಳತ್ತೆ. ಹೀಟರು ಸುಮಾರು 8 ಓಮ್, 24 ವೋಲ್ಟ್ ಕೊಟ್ರೆ 72 ವ್ಯಾಟ್ ಲೆಕ್ಕ ಬರತ್ತೆ. ಅದೇ 72 ವ್ಯಾಟ್ ಹಳೇ ಟೋಪಿ ಬಿಟ್ಟಲ್ಲಿ ಇದ್ರೂ ಕೆಲಸ ಈ ಮಟ್ಟಕ್ಕೆ ಆಗಲ್ಲ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರ್ದಿರೋ ವ್ಯಾಟ್ ನಂಬರ್ ನೋಡಿ ಖುಷಿ ಪಡ್ಬೇಡಿ ಅನ್ನೋದು ಇದಕ್ಕೇ.

ಹಂಗಾದ್ರೆ 936 ನಕಲು ತಗೊಳ್ಳೋದು ದಡ್ಡತನನಾ?

ಅಷ್ಟೇನಲ್ಲ. ನಾನು ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದೀನಿ. ಬಿಟ್ಟು ಅಗ್ಗ, ಹೀಟರ್ ಹೋದ್ರೆ ಅದೂ ಅಗ್ಗ, ರಿಪೇರಿ ಮಾಡೋಕೆ ಸುಲಭ, ಒಳಗೆ ಒಂದು ಟ್ರಾನ್ಸ್‌ಫಾರ್ಮರ್ ಮತ್ತೆ ಚಿಕ್ಕ ಬೋರ್ಡ್ ಅಷ್ಟೇ. ಆದ್ರೆ ಈಗ ಟಿ12 ಥರದವೂ ಕೈಗೆಟುಕೋ ಹಾಗೆ ಆಗಿರೋದ್ರಿಂದ ಹೊಸದಾಗಿ ತಗೊಳ್ಳೋರಿಗೆ ಅದನ್ನ ಹೇಳೋಕೆ ಮನಸ್ಸು ಬರಲ್ಲ. ಹಕ್ಕೋ ಕಂಪನಿಯೇ 936ನ ನಿಲ್ಲಿಸಿ ಎಫ್‌ಎಕ್ಸ್-888 ತಂದಿದ್ದು ಹಳೇ ಮಾತು, ಅದೂ ಟೋಪಿ ಥರದ ಬಿಟ್ಟೇ, ಆದ್ರೆ ಅದರ ಫಿಟ್ಟಿಂಗ್ ಮತ್ತೆ ಹೀಟರ್ ಚೆನ್ನಾಗಿರೋದ್ರಿಂದ ಹವ್ಯಾಸಿಗಳಲ್ಲಿ ತುಂಬಾ ಜನ ಅದನ್ನ ಬಿಡೋಕೆ ಒಪ್ಪಲ್ಲ.

ಜೆಬಿಸಿ ಥರದ್ದು ಅಂತಾರಲ್ಲ, ಸಿ245, ಸಿ210, ಸಿ115, ಏನಿವು?

ಇವು ಜೆಬಿಸಿ ಕಂಪನಿಯ ಕಾರ್ಟ್ರಿಜ್ ಕುಟುಂಬಗಳು. 245 ಮಾಮೂಲಿ ಕೆಲಸಕ್ಕೆ, ಬಿಸಿ ತಳ್ಳೋ ಶಕ್ತಿ ಟಿ12ಗಿಂತ ಜಾಸ್ತಿ. 210 ಚಿಕ್ಕ ಪಾರ್ಟ್‌ಗಳಿಗೆ, ಕೈಗೂ ಬಿಟ್ ತುದಿಗೂ ದೂರ ಕಮ್ಮಿ, ಪೆನ್ನು ಹಿಡಿದ ಹಾಗಿರತ್ತೆ. 115 ಅಂತೂ ಮೈಕ್ರೋಸ್ಕೋಪ್ ಕೆಳಗೆ ಮೊಬೈಲ್ ಬೋರ್ಡ್ ಕೆಲಸ ಮಾಡೋರಿಗೆ. ಆ ಬಿಟ್ಟುಗಳಿಗೆ ಹೊಂದೋ ಬೇರೆ ಕಂಪನಿ ಸ್ಟೇಷನ್‌ಗಳೂ ಬಂದಿವೆ. ಒಂದು ಸಲ 245 ಹಿಡಿದು ದಪ್ಪ ಗ್ರೌಂಡ್ ಪಿನ್ ಮಾಡಿದೋರಿಗೆ ಹಳೇದು ಹಿಡಿಯೋಕೆ ಬೇಜಾರಾಗತ್ತೆ, ಅದು ನಿಜ. ಆದ್ರೆ ಶುರು ಮಾಡೋರಿಗೆ ಅದಿಲ್ದೆ ಕೆಲಸ ನಿಲ್ಲಲ್ಲ. ಹವ್ಯಾಸದ ಕೆಲಸಕ್ಕೆ 245 ಒಂದಿದ್ರೆ ಸಾಕು, ಮೂರೂ ಬೇಕು ಅನ್ನಿಸೋದು ಕೈಗೆ ಬಂದ ಚಟ.

ನಾಬ್ ಇರೋದಾ, ಡಿಜಿಟಲ್ಲಾ?

ಕೆಲಸದಲ್ಲಿ ವ್ಯತ್ಯಾಸ ಇಲ್ಲ. ನಾಬ್ ತಿರುಗಿಸೋದು ಬೇಗ, ಡಿಜಿಟಲ್‌ನಲ್ಲಿ ಸ್ಲೀಪ್ ಟೈಮರ್ ಸಿಗತ್ತೆ, ಆ ಸ್ಲೀಪ್ ಮಾತ್ರ ಉಪಯೋಗ ಇದೆ ಯಾಕಂದ್ರೆ ಐರನ್ ಸ್ಟ್ಯಾಂಡಲ್ಲಿಟ್ಟು ನೀವು ಸ್ಕೀಮ್ಯಾಟಿಕ್ ನೋಡ್ತಾ ಕೂತ್ರೆ ಅದೇ 150, 200ಕ್ಕೆ ಇಳಿದು ಬಿಟ್ ಉಳಿಯತ್ತೆ.

ಅಂದಹಾಗೆ ಟೆಂಪರೇಚರ್ ನಾಬೇ ಇಲ್ಲದ ಸ್ಟೇಷನ್‌ಗಳೂ ಇವೆ. ವೆಲ್ಲರ್ ಕಂಪನಿಯ ಹಳೇ ಮ್ಯಾಗ್ನಾಸ್ಟ್ಯಾಟ್‌ನಲ್ಲಿ ಬಿಟ್ಟಿನ ಹಿಂದೆ ಒಂದು ಮಿಶ್ರಲೋಹದ ತುಂಡು ಇರತ್ತೆ, ನಿಗದಿ ಬಿಸಿ ದಾಟಿದ ಕೂಡ್ಲೇ ಅದಕ್ಕೆ ಅಯಸ್ಕಾಂತ ಅಂಟೋ ಗುಣ ಹೋಗತ್ತೆ, ಒಳಗಿನ ಅಯಸ್ಕಾಂತ ಕಳಚ್ಕೊಂಡು ಸ್ವಿಚ್ ಟಕ್ ಅಂತ ಆಫ್ ಆಗತ್ತೆ. ಬಿಟ್ ಮೇಲೆ 7 ಅಂತಿದ್ರೆ 700 ಫ್ಯಾರನ್‌ಹೀಟ್, ಅಂದ್ರೆ ಸುಮಾರು 370 ಸೆಲ್ಸಿಯಸ್. ಮೆಟ್‌ಕಾಲ್ ಕಂಪನಿಯೋರು ಅದೇ ಗುಣನ 13.56 ಮೆಗಾಹರ್ಟ್ಸ್ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಕರೆಂಟ್ ಜೊತೆ ಬಳಸ್ತಾರೆ. ಬಿಸಿ ಬದಲಾಯಿಸ್ಬೇಕಾ, ಬಿಟ್ ಬದಲಾಯಿಸಿ. ಎಷ್ಟು ಸರಳ ನೋಡಿ, ಒಂದು ಸಾಲು ಕೋಡ್ ಇಲ್ಲ.

ಯುಎಸ್‌ಬಿ-ಸಿ ಐರನ್ ಸಾಕಲ್ವಾ? ಪೈನ್‌ಸಿಲ್ ಥರದ್ದು?

ಬಹಳ ಜನಕ್ಕೆ ಸಾಕು, ನಿಜವಾಗ್ಲೂ. ಪೈನ್‌ಸಿಲ್, ಟಿಎಸ್101 ಇವೂ ಒಂದು ಥರ ಕಾರ್ಟ್ರಿಜ್ ಐರನ್ನೇ, ಐರನ್‌ಓಎಸ್ ಅಂತ ಓಪನ್ ಸೋರ್ಸ್ ಫರ್ಮ್‌ವೇರ್ ಕೂಡ ಇದೆ. ಇಲ್ಲಿ ಲೆಕ್ಕ ತಪ್ಪೋದು ಚಾರ್ಜರ್ ವಿಷಯದಲ್ಲಿ. ಬಿಟ್ 8 ಓಮ್ ಅಂತಿಟ್ಕೊಳ್ಳಿ. 20 ವೋಲ್ಟ್ ಕೊಡೋ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಚಾರ್ಜರ್ ಹಾಕಿದ್ರೆ 50 ವ್ಯಾಟ್. ಅದೇ 12 ವೋಲ್ಟ್ ಮಾತ್ರ ಕೊಡೋ ಚಾರ್ಜರ್ ಆದ್ರೆ 18 ವ್ಯಾಟ್, ಅಂದ್ರೆ ನಿಮ್ಮ ಹಳೇ 25 ವ್ಯಾಟ್ ಐರನ್‌ಗಿಂತ ಕಡೆ. ಆಮೇಲೆ ಐರನ್ ಸರಿ ಇಲ್ಲ ಅಂತ ಬೈಯ್ತಾರೆ. ಚಾರ್ಜರ್ ಮೇಲೆ 20 ವೋಲ್ಟ್, 3 ಆಂಪ್ಸ್ ಅಂತ ಬರ್ದಿದ್ಯಾ ನೋಡ್ಕೊಳ್ಳಿ.

ಇನ್ನೊಂದು, ಎರಡೇ ಪಿನ್ನಿನ ಚಾರ್ಜರ್‌ಗೆ ಅರ್ತಿಂಗ್ ಇರಲ್ಲ, ಬಿಟ್ ತುದಿಗೆ ಸಣ್ಣ ಲೀಕೇಜ್ ವೋಲ್ಟೇಜ್ ಬರತ್ತೆ, ಕೈಗೆ ಚುರುಚುರು ಅನ್ನೋದಿದೆ ನೋಡಿ ಅದೇ. ಸೂಕ್ಷ್ಮ ಪಾರ್ಟ್ ಮುಟ್ಟೋ ಮುಂಚೆ ಐರನ್ನಿನ ಗ್ರೌಂಡ್ ಸ್ಕ್ರೂನಿಂದ ಒಂದು ವೈರ್ ಅರ್ತ್‌ಗೆ ಕೊಡಿ. ಟೇಬಲ್ ಮೇಲಿಡೋ ಸ್ಟೇಷನ್‌ನಲ್ಲಿ ಈ ತಲೆನೋವು ಇರಬಾರ್ದು, ಬಿಟ್ ತುದಿಯಿಂದ ಪ್ಲಗ್ಗಿನ ಅರ್ತ್ ಪಿನ್‌ವರೆಗೆ ಅಳೆದ್ರೆ 2 ಓಮ್‌ಗಿಂತ ಕಮ್ಮಿ ಬರ್ಬೇಕು.

ಯಾವ ಬಿಟ್ ತಗೊಳ್ಳಲಿ? ಸೂಜಿ ಥರದ್ದು ಚಿಕ್ಕ ಕೆಲಸಕ್ಕೆ ಒಳ್ಳೇದಲ್ವಾ?

ಅಲ್ಲ! ಹೊಸಬರು ಮಾಡೋ ದೊಡ್ಡ ತಪ್ಪು ಇದೇ, ಕಂಪನಿಯೋರೂ ಸ್ಟೇಷನ್ ಜೊತೆ ಆ ಸೂಜಿ ಬಿಟ್ಟನ್ನೇ ಕೊಟ್ಟು ಕಳಿಸ್ತಾರೆ. ಸೂಜಿ ಮೊನೆ ಪ್ಯಾಡಿಗೆ ಮುಟ್ಟೋದು ಒಂದು ಚುಕ್ಕೆಯಷ್ಟು ಜಾಗದಲ್ಲಿ, ಆ ಚುಕ್ಕೆಯಿಂದ ಎಷ್ಟು ಬಿಸಿ ಹೋದೀತು? ಹೋಗಲ್ಲ ಅಂತ ನೀವು 420ಕ್ಕೆ ಏರಿಸ್ತೀರಾ, ಫ್ಲಕ್ಸ್ (ಲೆಡ್ ಚೆನ್ನಾಗಿ ಹಿಡಿಯೋ ಹಾಗೆ ಲೋಹನ ಶುಚಿ ಮಾಡೋ ಪದಾರ್ಥ) ಸುಟ್ಟು ಹೋಗತ್ತೆ, ಪ್ಯಾಡ್ ಎದ್ದು ಬರತ್ತೆ.

ಚಪ್ಪಟೆ ಚಿಸೆಲ್ ಬಿಟ್, 2.4 ಮಿ.ಮೀ. ಸುತ್ತಮುತ್ತ, ಅದು ಮೊದಲನೇದು. ಕಾಲಿನ ಜೊತೆಗೆ ಪ್ಯಾಡನ್ನೂ ಅಗಲವಾಗಿ ಮುಟ್ಟತ್ತೆ. ಎರಡನೇದು ಚಾಕು ಥರದ ಕೆ ಬಿಟ್ ಅಥವಾ ಓರೆಯಾಗಿ ಕತ್ತರಿಸಿದ ಸಿ ಬಿಟ್, ಸಾಲಾಗಿ ಕಾಲುಗಳಿರೋ ಐಸಿಗೆ ಫ್ಲಕ್ಸ್ ಹಚ್ಚಿ ಎಳ್ಕೊಂಡು ಹೋಗೋಕೆ. 0603 ಅನ್ನೋ ಅಳತೆಯ ಪುಟಾಣಿ ರೆಸಿಸ್ಟರ್‌ನೂ ನಾನು ಚಿಸೆಲ್ಲಲ್ಲೇ ಕೂರಿಸೋದು, ಮೂಲೆ ಬಳಸಿದ್ರಾಯ್ತು. ಸೂಜಿ ಬಿಟ್ಟು ಡ್ರಾಯರಲ್ಲಿ ಹೊಸದಾಗೇ ಬಿದ್ದಿದೆ.

ಎಷ್ಟಕ್ಕೆ ಇಡ್ಬೇಕು?

ಮೊದಲು ಲೆಡ್ ಯಾವುದು ಅಂತ ನೋಡಿ. (ನಾವೆಲ್ಲ ಲೆಡ್ ಅಂತೀವಿ, ಅದರಲ್ಲಿ ಜಾಸ್ತಿ ಇರೋದು ತವರ.) 63/37 ಅನ್ನೋದು 63 ಭಾಗ ತವರ, 37 ಸೀಸ, ಸರಿಯಾಗಿ 183 ಡಿಗ್ರಿಗೆ ಕರಗತ್ತೆ, ಗಟ್ಟಿಯಾಗೋದೂ ಅಲ್ಲೇ, ಮಧ್ಯೆ ಮೆತ್ತಗೆ ಇರೋ ಹಂತ ಇಲ್ಲ. 60/40ಗೆ ಆ ಮೆತ್ತಗಿನ ಹಂತ ಸ್ವಲ್ಪ ಇದೆ, ಆ ಹೊತ್ತಲ್ಲಿ ಪಾರ್ಟ್ ಅಲುಗಿದ್ರೆ ಜಾಯಿಂಟ್ ಮಂಕಾಗತ್ತೆ. ಸೀಸ ಇಲ್ಲದ ಎಸ್‌ಎಸಿ305 ಅಂದ್ರೆ ತವರದ ಜೊತೆ 3 ಶೇಕಡಾ ಬೆಳ್ಳಿ, ಅರ್ಧ ಶೇಕಡಾ ತಾಮ್ರ, ಅದು ಕರಗೋದು 217ರಿಂದ 220ರಲ್ಲಿ.

ಸೀಸದ್ದಕ್ಕೆ ಐರನ್ 320ರಿಂದ 350, ಸೀಸ ಇಲ್ಲದ್ದಕ್ಕೆ 350ರಿಂದ 380. ಒಂದು ಜಾಯಿಂಟ್ ಎರಡು ಮೂರು ಸೆಕೆಂಡಲ್ಲಿ ಆಗ್ಬೇಕು. ಆಗ್ತಿಲ್ಲ ಅಂದ್ರೆ ಟೆಂಪರೇಚರ್ ಮುಟ್ಟೋ ಮುಂಚೆ ಬಿಟ್ ದೊಡ್ಡದು ಹಾಕಿ, ಫ್ಲಕ್ಸ್ ಹಚ್ಚಿ, ತುದಿ ಮೇಲೆ ಹಸಿ ಲೆಡ್ ಇದ್ಯಾ ನೋಡಿ. ಬಿಸಿ ಏರಿಸೋದು ಕೊನೇ ಉಪಾಯ.

ಹವ್ಯಾಸಕ್ಕೆ ಯಾವ್ದು? 63/37, 0.5ರಿಂದ 0.8 ಮಿ.ಮೀ. ದಪ್ಪ, ಒಳಗೆ ರಾಸಿನ್ ಫ್ಲಕ್ಸ್ ಇರೋದು. 2006ರ ಜುಲೈ 1ರಿಂದ ಯುರೋಪಿನ ರೋಹೆಚ್‌ಎಸ್ ನಿಯಮ ಬಂದ ಮೇಲೆ ಅಂಗಡಿಗೆ ಬರೋ ಸಾಮಾನಲ್ಲಿ ಸೀಸ ಬಹುತೇಕ ಹೋಯ್ತು, ಅದಕ್ಕೇ ನೀವು ರಿಪೇರಿಗೆ ಬಿಚ್ಚೋ ಬೋರ್ಡ್‌ಗಳು ಹೆಚ್ಚಾಗಿ ಸೀಸ ಇಲ್ಲದವು, ಬೇಗ ಕರಗಲ್ಲ. ಬಿಚ್ಚೋ ಮುಂಚೆ ಅದರ ಮೇಲೆ ಸ್ವಲ್ಪ 63/37 ಬೆರೆಸಿ, ಸುಲಭ ಆಗತ್ತೆ.

ಹೊಗೆಯಲ್ಲಿ ಸೀಸ ಇರತ್ತಾ?

ಐರನ್ನಿನ ಬಿಸಿಗೆ ಸೀಸ ಆವಿಯಾಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅದು ಕುದಿಯೋದೇ 1,700 ಡಿಗ್ರಿ ಮೇಲೆ. ಹೊಗೆ ಬರೋದು ಫ್ಲಕ್ಸಿಂದ, ರಾಸಿನ್ ಹೊಗೆ ದಿನಾ ಕುಡಿದ್ರೆ ಆಸ್ತಮಾ ಬರಬಹುದು ಅನ್ನೋದು ಮಾತ್ರ ನಿಜ. ಮುಖದ ಪಕ್ಕ ಒಂದು ಚಿಕ್ಕ ಫ್ಯಾನ್ ಇಟ್ಟು ಹೊಗೆನ ಆಚೆ ಎಳೆಸಿ, ಕಿಟಕಿ ತೆಗೀರಿ. ಸೀಸ ಒಳಗೆ ಹೋಗೋದು ಕೈಯಿಂದ ಬಾಯಿಗೆ. ಕೆಲಸ ಮುಗಿದ ಮೇಲೆ ಸೋಪ್ ಹಾಕಿ ಕೈ ತೊಳೀರಿ, ವೈರನ್ನ ಹಲ್ಲಲ್ಲಿ ಕಚ್ಕೊಂಡು ಕೂರ್ಬೇಡಿ.

ಬಿಟ್ ಕಪ್ಪಾಗಿ ಲೆಡ್ ಅಂಟ್ತಾ ಇಲ್ಲ, ಮರಳು ಕಾಗದದಲ್ಲಿ ಉಜ್ಜಲಾ?

ಉಜ್ಜಿದ್ರೆ ಬಿಟ್ ಮುಗೀತು. ಒಳಗೆ ತಾಮ್ರ, ಮೇಲೆ ತೆಳ್ಳಗೆ ಕಬ್ಬಿಣದ ಲೇಪ. ಆ ಲೇಪ ಹೋದ್ರೆ ಕರಗಿದ ತವರ ತಾಮ್ರನ ತಿಂದು ಗುಳಿ ಮಾಡತ್ತೆ. ಹಿತ್ತಾಳೆ ನಾರಲ್ಲಿ ಚುಚ್ಚಿ ತೆಗೀರಿ, ಟಿಪ್ ಟಿನ್ನರಲ್ಲಿ (ತುದಿ ಶುಚಿ ಮಾಡಿ ತವರ ಹಿಡಿಸೋ ಪದಾರ್ಥದಲ್ಲಿ) ಅದ್ದಿ, 300 ಒಳಗೇ ಇಟ್ಟು ಲೆಡ್ ಹಚ್ತಾ ಹೋಗಿ, ತುಂಬಾ ಸಲ ವಾಪಸ್ ಬರತ್ತೆ. ಆಫ್ ಮಾಡೋ ಮುಂಚೆ ತುದಿ ಮೇಲೆ ಒಂದು ಹನಿ ಲೆಡ್ ಬಿಟ್ಟು ಆಫ್ ಮಾಡಿ. ಕೊಳಾಯಿ ಕೆಲಸದ ಆಸಿಡ್ ಫ್ಲಕ್ಸ್ ಮಾತ್ರ ಬೋರ್ಡ್ ಹತ್ರಾನೇ ತರ್ಬೇಡಿ.

ಹಾಟ್ ಏರ್ (ಬಿಸಿ ಗಾಳಿ ಊದಿ ಲೆಡ್ ಕರಗಿಸೋ ಸಾಧನ) ನಂಗೆ ಬೇಕಾ?

ಕಾಲು ಹೊರಗೆ ಕಾಣೋ ಪಾರ್ಟ್‌ನ ಕೂರಿಸೋಕೆ ಬೇಡ. ತೆಗೆಯೋಕೆ ಬೇಕು. ಹೊಟ್ಟೆ ಕೆಳಗೆ ಪ್ಯಾಡ್ ಇರೋ ಕ್ಯೂಎಫ್‌ಎನ್ ಥರದ ಐಸಿಗೆ ಕೂರಿಸೋಕೂ ಬೇಕು, ತೆಗೆಯೋಕೂ ಬೇಕು, ಐರನ್ ಅಲ್ಲಿಗೆ ಹೋಗೋದೇ ಇಲ್ಲ. ಥ್ರೂ ಹೋಲ್ (ಕಾಲು ಬೋರ್ಡಿನ ತೂತಲ್ಲಿ ಹೋಗೋ ಪಾರ್ಟ್) ಮಾತ್ರ ಮಾಡ್ತೀರಾ ಅಂದ್ರೆ ಆ ದುಡ್ಡಲ್ಲಿ ಒಳ್ಳೆ ಐರನ್, ಒಂದು ಸಕರ್ (ಕರಗಿದ ಲೆಡ್ ಎಳೆಯೋ ಪಂಪ್), ವಿಕ್ (ಲೆಡ್ ಹೀರೋ ತಾಮ್ರದ ಹೆಣಿಗೆ), ಮೂರು ಬಿಟ್ಟು, ಭೂತಗನ್ನಡಿ ಲೈಟ್ ತಗೊಳ್ಳಿ, ಹಾಟ್ ಏರ್ ಮುಂದಿನ ವರ್ಷ ನೋಡಿದ್ರಾಯ್ತು.

ಹೀಟ್ ಶ್ರಿಂಕ್ ಮಾಡೋಕೆ ಇರೋ ಅಥವಾ ಬಣ್ಣ ಕೀಳೋ ಹೀಟ್ ಗನ್ ಇದೆ, ಅದರಲ್ಲೇ ಐಸಿ ತೆಗೀಬಹುದಾ ಅಂತ ಕೇಳ್ತಾರೆ. ತೆಗೀಬಹುದು, ಅಕ್ಕಪಕ್ಕದ ಹತ್ತು ಕೆಪಾಸಿಟರ್ ಜೊತೆಗೆ.

858ಡಿ ತಗೊಳ್ಳಲಾ, ದೊಡ್ಡದಕ್ಕೆ ಕಾಯಲಾ?

ಮೂರು ಜಾತಿ ಇವೆ. 858ಡಿ ಥರದ್ದರಲ್ಲಿ ಫ್ಯಾನ್ ಹಿಡಿಯಲ್ಲೇ ಇರತ್ತೆ, ಡಬ್ಬ ಚಿಕ್ಕದು, ಸದ್ದು ಕಮ್ಮಿ, ಆದ್ರೆ ಹಿಡಿ ದಪ್ಪ, ಸಣ್ಣ ನಾಜಲ್ ಹಾಕಿದ್ರೆ ಗಾಳಿ ಸೊರಗತ್ತೆ. ಹಳೇ 850 ಥರದ್ದರಲ್ಲಿ ಡಬ್ಬದೊಳಗೆ ಡಯಾಫ್ರಾಮ್ ಪಂಪ್, ಗರ್ ಅಂತ ಟೇಬಲ್ ನಡುಗಿಸತ್ತೆ, ಈಗ ತಗೊಳ್ಳೋ ಕಾರಣ ಇಲ್ಲ. ಮೂರನೇದು ಕ್ವಿಕ್ 861ಡಿಡಬ್ಲ್ಯೂ ಥರದ್ದು, ಬ್ಲೋಯರ್ ಡಬ್ಬದಲ್ಲಿ, 1000 ವ್ಯಾಟ್ ಹೀಟರ್, ಮೂರು ಪ್ರೀಸೆಟ್. ಇದರ ದೊಡ್ಡ ಗುಣ, ಕಮ್ಮಿ ಟೆಂಪರೇಚರಲ್ಲಿ ಜಾಸ್ತಿ ಗಾಳಿ ಕೊಟ್ಟು ಕೆಲಸ ಮುಗಿಸತ್ತೆ. ಚಿಕ್ಕದರಲ್ಲಿ ಬಿಸಿ ಸಾಲದೆ 420, 450ಕ್ಕೆ ಏರಿಸಿ ಬೋರ್ಡ್ ಕಂದಿಸೋದು ಇಲ್ಲಿ ತಪ್ಪತ್ತೆ. ಐರನ್ ವಿಷಯದಲ್ಲಿ ಹೇಳಿದ ಮಾತೇ ಇಲ್ಲೂ, ಡಿಸ್‌ಪ್ಲೇ ನಂಬರ್ ಬಿಡಿ, ಜಾಯಿಂಟ್‌ಗೆ ಬಿಸಿ ತಲುಪ್ತಾ ಇದ್ಯಾ ಅನ್ನೋದೇ ಲೆಕ್ಕ.

ತಿಂಗಳಿಗೆ ಒಂದು ಐಸಿ ತೆಗೆಯೋರಿಗೆ 858ಡಿ ಸಾಕು. ವಾರ ವಾರ ಲ್ಯಾಪ್‌ಟಾಪ್ ಬೋರ್ಡ್ ಬಿಚ್ಚೋರು ಕಾದು ದೊಡ್ಡದೇ ತಗೊಳ್ಳಿ.

ಅಗ್ಗದ ಹಾಟ್ ಏರ್ ಶಾಕ್ ಹೊಡಿಯತ್ತೆ ಅಂತಾರಲ್ಲ?

ಈ ಪ್ರಶ್ನೆನ ಹಗುರವಾಗಿ ತಗೋಬೇಡಿ. ಸ್ಟೇಷನ್ ಐರನ್ನಿನ ಹಿಡಿಗೆ ಬರೋದು 24 ವೋಲ್ಟ್. ಹಾಟ್ ಏರಲ್ಲಿ ಮೇನ್ಸ್ ಕರೆಂಟ್ ಹಿಡಿಯೊಳಗಿನ ಹೀಟರ್‌ವರೆಗೂ ಬರತ್ತೆ. ಅಗ್ಗದ ಕೆಲವು ನಕಲುಗಳಲ್ಲಿ ಲೋಹದ ಕೊಳವೆಗೆ ಅರ್ತ್ ಕೊಟ್ಟೇ ಇರಲ್ಲ, ಇನ್ನು ಕೆಲವಲ್ಲಿ ಸ್ವಿಚ್ಚು ಫೇಸ್ ಬಿಟ್ಟು ನ್ಯೂಟ್ರಲ್ ಕತ್ತರಿಸತ್ತೆ, ಅಂದ್ರೆ ಆಫ್ ಮಾಡಿದ್ರೂ ಹೀಟರ್‌ನಲ್ಲಿ ಕರೆಂಟ್ ಇದ್ದೇ ಇರತ್ತೆ.

ಬಂದ ದಿನವೇ, ಪ್ಲಗ್ ಹಾಕೋ ಮುಂಚೆ, ಮಲ್ಟಿಮೀಟರ್ ತಗೊಂಡು ಅರ್ತ್ ಪಿನ್‌ನಿಂದ ನಾಜಲ್‌ಗೆ ಕಂಟಿನ್ಯೂಯಿಟಿ ನೋಡಿ. ಆಮೇಲೆ ಫೇಸ್ ಪಿನ್‌ಗೂ ನಾಜಲ್‌ಗೂ, ನ್ಯೂಟ್ರಲ್‌ಗೂ ನಾಜಲ್‌ಗೂ ನೋಡಿ, ಓಪನ್ ಇರ್ಬೇಕು. ಡಬ್ಬ ಬಿಚ್ಚೋ ಅಭ್ಯಾಸ ಇದ್ರೆ ಫ್ಯೂಸ್ ಮತ್ತು ಸ್ವಿಚ್ ಫೇಸ್ ಲೈನಲ್ಲಿ ಇವೆಯಾ, ಒಳಗೆ ಲೆಡ್ ಚೂರು ಉದುರಿದ್ಯಾ ನೋಡಿ. ನಾನು ಮೊದಲು ತರಿಸಿದ್ದರಲ್ಲಿ ಅರ್ತ್ ವೈರು ಡಬ್ಬದ ಪೇಂಟ್ ಮೇಲೆ ಸ್ಕ್ರೂ ಆಗಿತ್ತು, ಪೇಂಟ್ ಕೆರೆದು ಮತ್ತೆ ಬಿಗಿ ಮಾಡೋ ತನಕ ಮೀಟರ್ ಬೀಪ್ ಅನ್ನಲೇ ಇಲ್ಲ. ಅನುಭವ ಇಲ್ಲ ಅಂದ್ರೆ ಬಿಚ್ಚಬೇಡಿ, ವಾಪಸ್ ಕಳಿಸಿ.

ಇನ್ನೊಂದು: ಹಿಡಿನ ತೊಟ್ಟಿಲಲ್ಲಿ ಇಟ್ಟ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡತ್ತೆ, ಹೀಟರ್ ತಣ್ಣಗಾಗ್ಲಿ ಅಂತ. ಅದು ನಿಂತ ಮೇಲೇ ಮೇನ್ ಸ್ವಿಚ್ ಆಫ್ ಮಾಡಿ.

ಎರಡೂ ಒಂದೇ ಡಬ್ಬದಲ್ಲಿ ಬರೋದು ಹೇಗೆ?

ಟೇಬಲ್ ಚಿಕ್ಕದಿದ್ರೆ ಸರಿ. ಆದ್ರೆ ಅಂಥ ಅಗ್ಗದವುಗಳಲ್ಲಿ ಐರನ್ ಸಾಮಾನ್ಯವಾಗಿ ಹಳೇ 936 ಜಾತಿದೇ ಇರತ್ತೆ, ಒಂದು ಕೆಟ್ರೆ ಎರಡೂ ರಿಪೇರಿಗೆ ಹೋಗತ್ತೆ. ನಾನಾದ್ರೆ ಬೇರೆ ಬೇರೆ ತಗೋತೀನಿ.

ಹಾಟ್ ಏರ್ ಹಿಡಿದ್ರೆ ಚಿಕ್ಕ ಪಾರ್ಟೆಲ್ಲ ಹಾರಿ ಹೋಗ್ತವೆ, ಏನ್ ಮಾಡ್ಲಿ?

ಗಾಳಿ ಕಮ್ಮಿ ಮಾಡಿ, ನಾಜಲ್ ಸ್ವಲ್ಪ ದೊಡ್ಡದು ಹಾಕಿ. ಮೊದಲು ಐಸಿ ಸುತ್ತ ಫ್ಲಕ್ಸ್. 4, 5 ಸೆಂ.ಮೀ. ದೂರದಿಂದ ಇಡೀ ಜಾಗನ ಅರ್ಧ ನಿಮಿಷಕ್ಕೂ ಜಾಸ್ತಿ ನಿಧಾನಕ್ಕೆ ಕಾಯಿಸಿ, ಯಾಕಂದ್ರೆ ಸೆಕೆಂಡಿಗೆ 3 ಡಿಗ್ರಿಗಿಂತ ವೇಗವಾಗಿ ಏರಿದ್ರೆ ಸೆರಾಮಿಕ್ ಕೆಪಾಸಿಟರ್ ಬಿರುಕು ಬಿಡಬಹುದು, ತೇವ ಹಿಡಿದಿರೋ ಐಸಿ ಹೊಟ್ಟೆ ಉಬ್ಬಿ ಟಪ್ ಅಂತ ಸೀಳಬಹುದು. ಆಮೇಲೆ 1, 2 ಸೆಂ.ಮೀ.ಗೆ ಬಂದು ಐಸಿ ಅಂಚಿನ ಸುತ್ತ ಸುತ್ತಿಸ್ತಾ ಇರಿ, ಒಂದೇ ಕಡೆ ನಿಲ್ಲಿಸ್ಬೇಡಿ. ಸ್ಟೇಷನ್ 350 ಸುತ್ತಮುತ್ತ. ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್‌ಗೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯೋ ಟೇಪ್) ಹಚ್ಚಿ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ.

ಕರಗಿತಾ ಅಂತ ತಿಳಿಯೋಕೆ ಟ್ವೀಜರಲ್ಲಿ ಐಸಿನ ಕೂದಲೆಳೆಯಷ್ಟು ತಳ್ಳಿ ಬಿಡಿ. ಕರಗಿದ್ರೆ ಸರಿದು ತಾನೇ ಜಾಗಕ್ಕೆ ವಾಪಸ್ ಬಂದು ಕೂರತ್ತೆ, ಮೇಲ್ಮೈ ಸೆಳೆತ. ಆಗ ಎತ್ತಿ. ಅದಕ್ಕೂ ಮುಂಚೆ ಎತ್ತಿದ್ರೆ ಪ್ಯಾಡ್ ಕಿತ್ಕೊಂಡು ಬರತ್ತೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಪಕ್ಕದಲ್ಲಿದ್ರೆ ಮೊದಲೇ ಬಿಚ್ಚಿಡಿ. ನಾನೊಂದು ಸಲ ಬಿಚ್ಚೋಕೆ ಸೋಮಾರಿತನ ಮಾಡಿದೆ, ಅದು ಸಿಡಿದ ಸದ್ದಿಗೆ ಹಿಡಿನೇ ಕೈಬಿಟ್ಟೆ, ಟೇಬಲ್ ಮೇಲಿನ ಆ ಕರೀ ಗುರುತು ಇನ್ನೂ ಹೋಗಿಲ್ಲ. ಲಿಥಿಯಂ ಬ್ಯಾಟರಿ ಇರೋ ಬೋರ್ಡ್ ಆದ್ರೆ ಬ್ಯಾಟರಿ ಬಿಚ್ಚದೆ ಹಾಟ್ ಏರ್ ಆನ್ ಮಾಡಲೇಬೇಡಿ.

ಹಾಟ್ ಏರ್ ಇಲ್ದೆ ಐಸಿ ತೆಗೆಯೋಕೆ ದಾರಿ ಇಲ್ವಾ?

ಇದೆ, ಬಿಸ್ಮತ್ ಸೇರಿದ ಕಮ್ಮಿ ಬಿಸಿಗೆ ಕರಗೋ ಲೆಡ್. ತವರ 42, ಬಿಸ್ಮತ್ 58 ಇರೋದು 138ಕ್ಕೇ ಕರಗತ್ತೆ. ಎಲ್ಲಾ ಕಾಲಿಗೂ ಅದನ್ನ ಬೆರೆಸಿದ್ರೆ ತುಂಬಾ ಹೊತ್ತು ಕರಗಿಕೊಂಡೇ ಇರತ್ತೆ, ಐಸಿ ಜಾರಿ ಬರತ್ತೆ. ಆಮೇಲೆ ವಿಕ್ಕಲ್ಲಿ ಚೆನ್ನಾಗಿ ಎಳೆದು ತೆಗೀರಿ, ಯಾಕಂದ್ರೆ ಬಿಸ್ಮತ್, ತವರ ಎರಡೂ ಸೀಸದ ಜೊತೆ ಸೇರಿದ್ರೆ 96 ಡಿಗ್ರಿ ಹತ್ತಿರ ಕರಗೋ ಮಿಶ್ರಣ ಆಗತ್ತೆ, ಬಿಸಿಯಾಗೋ ಪಾರ್ಟ್ ಕೆಳಗೆ ಅದು ಉಳಿದ್ರೆ ಜಾಯಿಂಟ್ ತಾನಾಗೇ ಬಿಡ್ಬಹುದು.

ಸೆಕೆಂಡ್ ಹ್ಯಾಂಡ್ ಸ್ಟೇಷನ್ ಸಿಗ್ತಿದೆ, ತಗೊಳ್ಳಲಾ?

ಒಳ್ಳೆ ಕಂಪನಿದಾದ್ರೆ ಹೊಸ ಅಗ್ಗದ್ದಕ್ಕಿಂತ ಅದೇ ಮೇಲು. ಆದ್ರೆ ಮೊದಲು ನೋಡ್ಬೇಕಾದ್ದು ಸ್ಟೇಷನ್ ಅಲ್ಲ, ಅದರ ಬಿಟ್ಟು ಈಗ್ಲೂ ಸಿಗತ್ತಾ ಅನ್ನೋದು. ಸಿಗಲ್ಲ ಅಂದ್ರೆ ಬಿಟ್ಟಿ ಕೊಟ್ರೂ ಬೇಡ. ಸಿಗತ್ತೆ ಅಂದ್ರೆ ಆನ್ ಮಾಡಿಸಿ ಎಷ್ಟು ಹೊತ್ತಿಗೆ ಲೆಡ್ ಕರಗ್ತು ನೋಡಿ, ಕಾರ್ಟ್ರಿಜ್ ಥರದ್ದಾದ್ರೆ ಹತ್ತು ಹದಿನೈದು ಸೆಕೆಂಡಲ್ಲಿ ಆಗ್ಬೇಕು, ಹಿಡಿ ವೈರನ್ನ ಬುಡದಲ್ಲಿ ಆ ಕಡೆ ಈ ಕಡೆ ಬಗ್ಗಿಸಿ ಡಿಸ್‌ಪ್ಲೇ ಕುಣಿಯತ್ತಾ ನೋಡಿ, ಕುಣಿದ್ರೆ ಒಳಗೆ ವೈರ್ ಮುರೀತಾ ಇದೆ. ವೋಲ್ಟೇಜ್ ಕೂಡ ಹಿಂದಿನ ಪಟ್ಟಿ ಓದಿ ನೋಡ್ಕೊಳ್ಳಿ, 110 ವೋಲ್ಟಿಂದು ತಂದು 230ಕ್ಕೆ ಹಾಕಿ ಟ್ರಾನ್ಸ್‌ಫಾರ್ಮರ್ ಸುಟ್ಕೊಂಡೋರು ಬೇಕಾದಷ್ಟು ಜನ ಇದಾರೆ.